ಲ್ಯಾಪ್‌ಟಾಪಿನ ಬಜೆಟ್ಟು ಫೋನಿನ ಸೆಟ್ಟಿಂಗ್ಸ್‌ನಲ್ಲಿದೆ

ನನ್ನ ತಂಗಿಯ ಮಗಳು ದಾವಣಗೆರೆಯಲ್ಲಿ ಸೀರೆ ಅಂಗಡಿಗಳಿಗೆ ರೀಲ್ಸ್ ಮಾಡಿಕೊಡುತ್ತಾಳೆ. ಒಂದಕ್ಕೆ 1,200 ರೂಪಾಯಿ. ತಿಂಗಳಿಗೆ ಹತ್ತರ ಆಸುಪಾಸು ಕೆಲಸ ಸಿಗುತ್ತದೆ. ಆಟೊ, ಬಸ್ಸು, ಡೇಟಾ ಖರ್ಚು ಕಳೆದರೆ ಒಂಬತ್ತು ಸಾವಿರ ಕೈಯಲ್ಲಿ ಉಳಿಯುತ್ತದೆ. ಮೊದಲು ಶೂಟಿಂಗೂ ಫೋನಿನಲ್ಲೇ, ಎಡಿಟಿಂಗೂ ಫೋನಿನಲ್ಲೇ ನಡೆಯುತ್ತಿತ್ತು. ಆದರೆ ಅಂಗಡಿಯವರು ಬರಬರುತ್ತಾ ಒಂದೇ ವಿಡಿಯೊದಲ್ಲಿ ಹತ್ತು ಸೀರೆ, ಪ್ರತಿಯೊಂದರ ಬೆಲೆ, ಮೇಲೊಂದು ಕನ್ನಡದ ಸಾಲು, ಕೊನೆಗೆ ಲೋಗೊ ಎಲ್ಲವನ್ನೂ ಕೇಳತೊಡಗಿದರು. ಬೆಲೆ ಬದಲಾದರೆ ರಾತ್ರಿಯೇ ತಿದ್ದಿ ಕಳಿಸಬೇಕು. ಅಂಗೈಯಗಲದ ಪರದೆಯ ಮೇಲೆ ಬೆರಳಿನಲ್ಲಿ ಇಷ್ಟೆಲ್ಲ ಮಾಡಿ ಅವಳ ಕಣ್ಣು, ಕತ್ತು ಎರಡೂ ಸೋತಿದ್ದವು. ಲ್ಯಾಪ್‌ಟಾಪ್ ಬೇಕೇಬೇಕು ಎನ್ನುವುದರಲ್ಲಿ ನನಗೆ ಅನುಮಾನವಿರಲಿಲ್ಲ.

“ದೊಡ್ಡಮ್ಮ, ಎಪ್ಪತ್ತೈದು ಸಾವಿರದ್ದು ತಗಂಡ್ರೆ ಐದು ವರ್ಷ ಚಿಂತಿಲ್ಲ ಅಂತಾರೆ. ಗ್ರಾಫಿಕ್ಸ್ ಕಾರ್ಡ್ ಇರಲೇಬೇಕಂತೆ” ಎಂದಳು. ಅದು 2025ರ ಸೆಪ್ಟೆಂಬರ್. ಜಿಎಸ್‌ಟಿ ಇಳಿಯುತ್ತದೆ, ಲ್ಯಾಪ್‌ಟಾಪೂ ಅಗ್ಗವಾಗುತ್ತದೆ ಎಂದು ಬಹಳ ಜನ ಕಾಯುತ್ತಿದ್ದ ಹೊತ್ತು. ಸೆಪ್ಟೆಂಬರ್ 22ರಿಂದ ದೊಡ್ಡ ಟೀವಿ, ಏಸಿಗಳ ತೆರಿಗೆ ಇಳಿಯಿತು. ಲ್ಯಾಪ್‌ಟಾಪಿಗೆ ಮೊದಲೂ ಶೇ 18 ಇತ್ತು, ಆಮೇಲೂ ಅಷ್ಟೇ ಉಳಿಯಿತು.

ದುಡಿಮೆಗೆಂದು ಕೊಳ್ಳುವ ಯಂತ್ರದ ವಿಷಯದಲ್ಲಿ ನಾನು ಪಾಲಿಸಿಕೊಂಡು ಬಂದಿರುವ ಅಳತೆ ಒಂದಿದೆ: ಅದರ ಬೆಲೆ ಆ ದುಡಿಮೆಯ ಆರು ತಿಂಗಳ ಉಳಿಕೆಯನ್ನು ದಾಟಬಾರದು. ರೀಲ್ಸ್‌ನಂಥ ಕೆಲಸಕ್ಕಂತೂ ಇದನ್ನು ಬಿಗಿಯಾಗಿಯೇ ಹಿಡಿಯಬೇಕು. ಇಲ್ಲಿ ಕರಾರುಪತ್ರ ಇರುವುದಿಲ್ಲ. ಮದುವೆ ಸೀಸನ್ ಮುಗಿದ ಮೇಲೆ ಅಂಗಡಿಯವರು ಮೊದಲು ನಿಲ್ಲಿಸುವ ಖರ್ಚೇ ಇದು. ಅವಳ ಲೆಕ್ಕದಲ್ಲಿ ಆರು ತಿಂಗಳೆಂದರೆ 54 ಸಾವಿರ. ಎಪ್ಪತ್ತೈದು ಸಾವಿರವೆಂದರೆ ಎಂಟು ತಿಂಗಳು ದುಡಿದರೂ ಸಾಲದು. ಅಂಗಡಿಗೆ ಹೋಗುವ ಮಾತು ಆಮೇಲೆ, ಮೊದಲು ಫೋನ್ ಕೊಡು ಎಂದೆ.

ಅವಳದು ಸೆಕೆಂಡ್ ಹ್ಯಾಂಡ್ ಐಫೋನ್. ಸೆಟ್ಟಿಂಗ್ಸ್‌ನಲ್ಲಿ ಕ್ಯಾಮೆರಾ, ಅದರೊಳಗೆ ರೆಕಾರ್ಡ್ ವಿಡಿಯೊ ತೆರೆದರೆ ಒಂದು ನಿಮಿಷದ ವಿಡಿಯೊ ಎಷ್ಟು ಜಾಗ ತಿನ್ನುತ್ತದೆ ಎಂದು ಫೋನೇ ಬರೆದು ತೋರಿಸುತ್ತದೆ. 1080ಪಿ, ಸೆಕೆಂಡಿಗೆ 30 ಫ್ರೇಮ್ ಇಟ್ಟರೆ ಸುಮಾರು 60 ಎಂಬಿ. 4ಕೆ, 60 ಫ್ರೇಮ್ ಇಟ್ಟರೆ ಸುಮಾರು 400 ಎಂಬಿ. ಅವಳು ಇಟ್ಟುಕೊಂಡಿದ್ದು ಎರಡನೆಯದನ್ನು. ದೊಡ್ಡದಿದ್ದಷ್ಟೂ ಚೆನ್ನ ಎಂದು ಯಾರೋ ಹೇಳಿದ್ದರಂತೆ. ರೀಲ್ಸ್ ಕೊನೆಗೆ ಜನರ ಫೋನಿಗೆ ಹೋಗುವುದು 1080ಕ್ಕೆ 1920ರ ಅಳತೆಯಲ್ಲಿ. 4ಕೆಯಲ್ಲಿ ಅದರ ನಾಲ್ಕು ಪಟ್ಟು ಚುಕ್ಕಿಗಳಿರುತ್ತವೆ, ಫ್ರೇಮುಗಳೂ ಇಮ್ಮಡಿ. ಅಷ್ಟನ್ನೂ ಸೆರೆಹಿಡಿದು, ಸಾಗಿಸಿ, ತುಂಬಿಟ್ಟು, ಕೊನೆಗೆ ಬಹುಪಾಲನ್ನು ಎಸೆಯುವ ಕೆಲಸಕ್ಕೆ ಅವಳು 75 ಸಾವಿರದ ಯಂತ್ರ ಹುಡುಕುತ್ತಿದ್ದಳು.

ಲೆಕ್ಕ ಹಾಕಿ ನೋಡಿದೆವು. ಒಂದು ರೀಲಿಗೆ ಇಪ್ಪತ್ತು ನಿಮಿಷದ ಕಚ್ಚಾ ವಿಡಿಯೊ ಎಂದಿಟ್ಟುಕೊಂಡರೆ 4ಕೆ 60ರಲ್ಲಿ 8 ಜಿಬಿ. ತಿಂಗಳಿಗೆ 80 ಜಿಬಿ. ಸಾಮಾನ್ಯ ಲ್ಯಾಪ್‌ಟಾಪಿನ 512 ಜಿಬಿ ಎಸ್‌ಎಸ್‌ಡಿ ಆರು ತಿಂಗಳಿಗೇ ತುಂಬಿಹೋಗುತ್ತದೆ. ಅದೇ 1080ಪಿ 30ರಲ್ಲಿ ತಿಂಗಳಿಗೆ 12 ಜಿಬಿ. ವರ್ಷವಿಡೀ ದುಡಿದರೂ 150 ಜಿಬಿಯೊಳಗೇ ಮುಗಿಯುತ್ತದೆ. ಸೆರಗಿನ ಜರಿಯನ್ನೋ ಅಂಚಿನ ಕುಸುರಿಯನ್ನೋ ಎಡಿಟಿಂಗ್‌ನಲ್ಲಿ ಹತ್ತಿರಕ್ಕೆ ಎಳೆದು ತೋರಿಸಬೇಕಾದಾಗ 4ಕೆ ನಿಜವಾಗಿಯೂ ಬೇಕು. ಅಂಥ ಒಂದೆರಡು ಶಾಟುಗಳಿಗೆ 4ಕೆ 30 ಇಟ್ಟುಕೊಂಡರಾಯಿತು, ನಿಮಿಷಕ್ಕೆ 170 ಎಂಬಿ ಚಿಲ್ಲರೆ. ಆ ಸಂಜೆ ಸೆಟ್ಟಿಂಗ್ ಬದಲಾಯಿತು, ಬಜೆಟ್ಟೂ ಇಳಿಯಿತು.

ಜಾಗದ ಮಾತು ಹಾಗಿರಲಿ, ಎಡಿಟ್ ಮಾಡುವಾಗ ಲ್ಯಾಪ್‌ಟಾಪ್ ಯಾಕೆ ತಡವರಿಸುತ್ತದೆ ಎನ್ನುವುದನ್ನೂ ತಿಳಿದಿರಬೇಕು. ಈಗಿನ ಫೋನುಗಳು ಎಚ್‌ಇವಿಸಿ ಎಂಬ ಬಗೆಯಲ್ಲಿ ವಿಡಿಯೊ ಕುಗ್ಗಿಸಿ ಇಡುತ್ತವೆ. ಪ್ರತಿ ಫ್ರೇಮನ್ನೂ ಪೂರ್ತಿ ಬರೆಯದೆ, ಹಿಂದಿನದಕ್ಕಿಂತ ಏನು ಬದಲಾಯಿತು ಎಂಬುದನ್ನಷ್ಟೇ ಬರೆಯುತ್ತವೆ. ಹಳೆಯ ಖಾತೆ ಪುಸ್ತಕದಲ್ಲಿ ಸಾಲುಸಾಲಿಗೂ ‘ಸದರಿ’ ಎಂದು ಬರೆದಿದ್ದರೆ ಕೊನೆಯ ಸಾಲು ಯಾರದೆಂದು ತಿಳಿಯಲು ಮೇಲಿನವರೆಗೆ ಹೋಗಿ ಬರಬೇಕಲ್ಲ, ಇದೂ ಹಾಗೆಯೇ. ಸುಮ್ಮನೆ ನೋಡುವಾಗ ತೊಂದರೆ ಇಲ್ಲ. ನಡುವೆ ಕತ್ತರಿಸಿ, ಹಿಂದೆ ಮುಂದೆ ಎಳೆದಾಡುವಾಗ ಯಂತ್ರ ಪ್ರತಿ ಸಲವೂ ಮೇಲಿನಿಂದ ಲೆಕ್ಕ ಕಟ್ಟಬೇಕು. ಈ ಗಂಟು ಬಿಡಿಸುವುದಕ್ಕೆಂದೇ ಒಂದು ಭಾಗ ಇಂಟೆಲ್‌ನ ಏಳನೇ ತಲೆಮಾರಿನಿಂದ ಈಚಿನ ಲ್ಯಾಪ್‌ಟಾಪ್ ಚಿಪ್ಪುಗಳ ಒಳಗೇ ಇದೆ; ಎಎಂಡಿ ರೈಜೆನ್‌ಗಳಲ್ಲೂ ಇದೆ. 1080ಪಿ ರೀಲ್ಸ್‌ಗೆ ಅಷ್ಟು ಸಾಕು. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡಿಗೆ ಕೊಡುವ ಹಣ ಈ ಕೆಲಸಕ್ಕೆ ಹೆಚ್ಚುವರಿ; ಜೊತೆಗೆ ತೂಕವೂ ಹೆಚ್ಚು, ಬ್ಯಾಟರಿಯೂ ಬೇಗ ಖಾಲಿ.

ಬೆಂಗಳೂರಿನ ಎಸ್.ಪಿ. ರಸ್ತೆಗೆ ಒಂದು ಪೆನ್‌ಡ್ರೈವ್ ಹಿಡಿದು ಹೋದೆವು. ಅದರಲ್ಲಿ ಅವಳದೇ ಶೂಟಿಂಗ್‌ನ ಕ್ಲಿಪ್ಪುಗಳು, ಒಂದು ಉಚಿತ ಎಡಿಟಿಂಗ್ ತಂತ್ರಾಂಶ. ಲ್ಯಾಪ್‌ಟಾಪ್ ಕೊಳ್ಳುವ ಪ್ರತಿಯೊಬ್ಬರಿಗೂ ನಾನು ಹೇಳುವುದು ಇದನ್ನೇ. ಕೊಳ್ಳುವವರು ನೀವಾದ್ದರಿಂದ ಡೆಮೊ ಯಂತ್ರದಲ್ಲಿ ಹತ್ತು ನಿಮಿಷ ನಿಮ್ಮ ಫೈಲು ಓಡಿಸಿ ನೋಡಲು ಕೇಳುವುದು ತಪ್ಪಲ್ಲ. ಒಪ್ಪದ ಅಂಗಡಿಯಿಂದ ಮುಂದಿನ ಅಂಗಡಿಗೆ ಹೋಗಿ. ಆ ರಸ್ತೆಯಲ್ಲಿ ಅಂಗಡಿಗಳಿಗೆ ಬರವಿಲ್ಲ.

ಮೊದಲು ತೋರಿಸಿದ್ದು ರೈಜೆನ್ 5, “7000 ಸೀರೀಸ್ ಮೇಡಂ, ಹೊಸದು”. ಚಿಪ್ಪಿನ ಪೂರ್ತಿ ಹೆಸರು ಓದಿದರೆ 7520ಯು. ಈ ಸಾಲಿನ ಹೆಸರುಗಳಲ್ಲಿ ನೋಡಬೇಕಾದದ್ದು ಮೂರನೆಯ ಅಂಕಿಯನ್ನು. ಒಳಗಿನ ವಿನ್ಯಾಸ ಯಾವ ಕಾಲದ್ದೆಂದು ಹೇಳುವುದು ಅದೇ. 7520ರಲ್ಲಿ ಅದು 2. ಎಂದರೆ 2019ರಲ್ಲಿ ಬಂದ ಝೆನ್ 2, ನಾಲ್ಕು ಕೋರ್. 7530ಯುನಲ್ಲಿ ಅದು 3. ಝೆನ್ 3, ಆರು ಕೋರ್. ಬರೀ ಹತ್ತರ ವ್ಯತ್ಯಾಸವೆಂದು ಕಂಡರೂ ಒಳಗೆ ಬೇರೆಯದೇ ಯಂತ್ರ. ಇಂಟೆಲ್‌ನಲ್ಲಿ ಕೊನೆಯ ಅಕ್ಷರ ನೋಡಿ: ಯು ಇದ್ದರೆ ಕಡಿಮೆ ವಿದ್ಯುತ್ತಿನದು, ಎಚ್ ಇದ್ದರೆ ಹೆಚ್ಚು ಹೊತ್ತು ಜೋರಾಗಿ ದುಡಿಯುವಂಥದು. ಐ5 ಎಂಬ ಸ್ಟಿಕ್ಕರನ್ನಷ್ಟೇ ನೋಡಿ ಹಣ ಕೊಡಬೇಡಿ.

ಅಲ್ಲಿ ನಮ್ಮ ಹೆಚ್ಚು ಹೊತ್ತು ಹೋದದ್ದು ಸ್ಕ್ರೀನಿನ ಮೇಲೆ. ಪೆನ್‌ಡ್ರೈವ್‌ನಲ್ಲಿ ಒಂದು ಇಳಕಲ್ ಸೀರೆಯ ಕ್ಲಿಪ್ ಇತ್ತು. ಟೋಪ್ ತೆನೆ ಸೆರಗು, ಬಿಳಿಯ ಪಕ್ಕದಲ್ಲಿ ಗಾಢ ಕೆಂಪು. ಅಗ್ಗದ ಲ್ಯಾಪ್‌ಟಾಪಿನಲ್ಲಿ ಆ ಕೆಂಪು ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು. ತಲೆ ಸ್ವಲ್ಪ ಪಕ್ಕಕ್ಕೆ ಸರಿಸಿದರೆ ಇನ್ನೂ ಮಂಕು. ಪಕ್ಕದ ಯಂತ್ರದಲ್ಲಿ ಅದೇ ಕ್ಲಿಪ್ಪು ಫೋನಿನಲ್ಲಿ ಕಂಡಂತೆಯೇ ಕಂಡಿತು. ಕಡಿಮೆ ಬೆಲೆಯ ಲ್ಯಾಪ್‌ಟಾಪುಗಳ ವಿವರದಲ್ಲಿ ‘45% ಎನ್‌ಟಿಎಸ್‌ಸಿ’ ಎಂದು ಸಣ್ಣಕ್ಷರದಲ್ಲಿ ಇರುತ್ತದೆ. ವೆಬ್ಬಿಗೆ ಆಧಾರವಾದ ಎಸ್‌ಆರ್‌ಜಿಬಿ ಬಣ್ಣಗಳಲ್ಲಿ ಸುಮಾರು ಮೂರನೇ ಎರಡು ಭಾಗವನ್ನಷ್ಟೇ ಇವು ತೋರಿಸುತ್ತವೆ. ಅಂಥ ಪರದೆಯ ಮುಂದೆ ಕೂತವರು ಬಣ್ಣ ಸಾಲದೆಂದು ಏರಿಸುತ್ತಾರೆ. ನೋಡುವವರ ಫೋನಿನಲ್ಲಿ ಅದು ಕಣ್ಣಿಗೆ ರಾಚುವ ಕೆಂಪಾಗುತ್ತದೆ. ಕೊರಿಯರ್‌ನಲ್ಲಿ ಸೀರೆ ತರಿಸಿಕೊಂಡವರು ಇದು ಆ ಬಣ್ಣವಲ್ಲ ಎಂದು ವಾಪಸ್ ಕಳಿಸುತ್ತಾರೆ, ಅಂಗಡಿಯವರು ರೀಲ್ಸ್ ಮಾಡಿದವಳನ್ನು ಕೇಳುತ್ತಾರೆ. ಬಟ್ಟೆ, ಒಡವೆ, ಅಡುಗೆ, ಮೇಕಪ್ಪು ತೋರಿಸುವ ಯಾರೇ ಆಗಲಿ, ‘100% ಎಸ್‌ಆರ್‌ಜಿಬಿ’ ಎಂದಿರುವ ಪರದೆಗೆ ನಾಲ್ಕೈದು ಸಾವಿರ ಹೆಚ್ಚು ಕೊಟ್ಟರೂ ಅದು ಸಾರ್ಥಕ ಖರ್ಚು. ಮಾತಿನ ವಿಡಿಯೊ, ಪಾಠದ ವಿಡಿಯೊ ಮಾಡುವವರು ಆ ಹಣವನ್ನು ಮೈಕಿಗೆ ಹಾಕಲಿ.

ರ‍್ಯಾಮ್ 16 ಜಿಬಿ ಇರಲಿ. 8 ಜಿಬಿಯಲ್ಲಿ ವಿಂಡೋಸ್‌ಗೇ ಮೂರ್ನಾಲ್ಕು ಜಿಬಿ ಹೋಗುತ್ತದೆ, ಚಿಪ್ಪಿನೊಳಗಿನ ಗ್ರಾಫಿಕ್ಸ್ ಕೂಡ ಅದರಿಂದಲೇ ಪಾಲು ಪಡೆಯುತ್ತದೆ. ಈಗ ಎಂಟು ತಗೊಂಡು ಆಮೇಲೆ ಹಾಕಿಸಿಕೊಳ್ಳೋಣ ಎಂಬುದು ಒಳ್ಳೆಯ ಉಪಾಯವಾಗಿದ್ದ ಕಾಲವಿತ್ತು. 2025ರ ಕೊನೆಯಿಂದ ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದಾಗಿ ರ‍್ಯಾಮ್ ಬೆಲೆ ವಿಪರೀತ ಏರಿದೆ. ಸಾಲದ್ದಕ್ಕೆ ಎಷ್ಟೋ ತೆಳು ಲ್ಯಾಪ್‌ಟಾಪುಗಳಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ, ಆಮೇಲೆ ಹಾಕಿಸಲು ಜಾಗವೇ ಇರುವುದಿಲ್ಲ. ಸ್ಲಾಟ್ ಇದೆಯೋ ಇಲ್ಲವೋ ಎಂದು ಬಾಯಿಬಿಟ್ಟು ಕೇಳಿ.

ಕೊನೆಗೆ ಅವಳು ಕೊಂಡದ್ದು ಐ5-12450ಎಚ್ ಚಿಪ್ಪು, 16 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ, ಒಳ್ಳೆಯ ಪರದೆ ಇರುವ ಯಂತ್ರ. 52 ಸಾವಿರ ರೂಪಾಯಿ.

ತಂತ್ರಾಂಶಕ್ಕೆ ಒಂದು ರೂಪಾಯಿಯೂ ಖರ್ಚಾಗಬೇಕಿಲ್ಲ. ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ ಇದೆ. ಅದು ಗ್ರಾಫಿಕ್ಸ್ ಮೇಲೆ ಭಾರ ಹಾಕುವಂಥದು, ಹಾಗಾಗಿ ಮೂಲ ಕ್ಲಿಪ್ಪುಗಳ ಹಗುರ ನಕಲು ಮಾಡಿಕೊಂಡು ಅದರ ಮೇಲೆ ಕತ್ತರಿಸುವ ಪ್ರಾಕ್ಸಿ ವಿಧಾನ ಕಲಿಯಿರಿ. ಶಾಟ್‌ಕಟ್, ಕೆಡೆನ್‌ಲೈವ್ ಪೂರ್ತಿ ಉಚಿತ. ಆದರೆ ಕನ್ನಡದಲ್ಲಿ ಸಾಲು ಬರೆಯುವವರು ಯಾವುದನ್ನೇ ಆಗಲಿ ಒಪ್ಪಿಕೊಳ್ಳುವ ಮುಂಚೆ ‘ಸ್ತ್ರೀ’, ‘ರಾಷ್ಟ್ರ’, ‘ಅಕ್ಕಮ್ಮ’ ಎಂದು ಟೈಪ್ ಮಾಡಿ ನೋಡಬೇಕು. ಕೆಲವು ತಂತ್ರಾಂಶಗಳಲ್ಲಿ ಒತ್ತಕ್ಷರ ಕೆಳಗೆ ಕೂರದೆ ಪಕ್ಕಕ್ಕೆ ಒಡೆದು ನಿಲ್ಲುತ್ತದೆ. ಅಡೋಬಿ ಪ್ರೀಮಿಯರ್‌ನಲ್ಲೂ ದಕ್ಷಿಣ ಏಷ್ಯಾದ ಲಿಪಿಗಳ ಆಯ್ಕೆ ಒತ್ತಿದ ಮೇಲಷ್ಟೇ ಕನ್ನಡ ಸರಿಯಾಗಿ ಮೂಡುತ್ತದೆ. ವರ್ಷದ ಚಂದಾ ಕಟ್ಟಿದ ಮೇಲೆ ಇದು ಗೊತ್ತಾಗುವುದು ಬೇಡ.

ಇನ್ನು ‘ನೋ ಕಾಸ್ಟ್ ಇಎಂಐ’. ಸೊನ್ನೆ ಬಡ್ಡಿ ಎಂಬುದೇ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಸುತ್ತೋಲೆಯಲ್ಲಿ ಹೇಳಿದೆ. ಈಗ ನಡೆಯುವುದು ಹೀಗೆ: ಬ್ಯಾಂಕು ಬಡ್ಡಿ ಹಾಕುತ್ತದೆ, ಮಾರುವವರು ಅಷ್ಟೇ ಮೊತ್ತವನ್ನು ಮುಂಗಡ ರಿಯಾಯಿತಿಯಾಗಿ ಕಳೆಯುತ್ತಾರೆ. ಬಡ್ಡಿಯ ಮೇಲಿನ ಶೇ 18 ಜಿಎಸ್‌ಟಿ ಮಾತ್ರ ನಿಮ್ಮದೇ. ಬಡ್ಡಿ 3,000 ರೂಪಾಯಿ ಆದರೆ 540 ಜಿಎಸ್‌ಟಿ. 199ರ ಪ್ರೊಸೆಸಿಂಗ್ ಫೀ ಇದ್ದರೆ ತೆರಿಗೆ ಸೇರಿ 235. ಎಲ್ಲ ಸೇರಿ 775 ರೂಪಾಯಿ. ಇದು ದೊಡ್ಡ ಮೊತ್ತವಲ್ಲ. ದೊಡ್ಡದು ಬೇರೆಯೇ ಇದೆ: ಪೂರ್ತಿ ಹಣ ಒಂದೇ ಸಲ ಕೊಟ್ಟರೆ ಅಂಗಡಿಯವರು ಇಳಿಸುವ ಬೆಲೆ. ಅವಳ ಹತ್ತಿರ 35 ಸಾವಿರ ಕೂಡಿಟ್ಟ ಹಣವಿತ್ತು. ಮಿಕ್ಕದ್ದನ್ನು ನಾನು ಕೊಟ್ಟೆ, ತಿಂಗಳಿಗೆ ಮೂರು ಸಾವಿರದಂತೆ ತೀರಿಸುತ್ತಿದ್ದಾಳೆ. ಮನೆಯಲ್ಲಿ ಅಂಥ ಅನುಕೂಲ ಇಲ್ಲದವರು ಇಎಂಐ ಮಾಡಿಕೊಳ್ಳಲಿ, ತಪ್ಪೇನಿಲ್ಲ. ಕಂತು ತಿಂಗಳ ಉಳಿಕೆಯ ಮೂರನೇ ಒಂದು ಭಾಗದೊಳಗಿದ್ದರೆ ಸಾಕು.

ಮೂವತ್ತು ಸಾವಿರಕ್ಕಿಂತ ಹೆಚ್ಚು ಆಗದು ಎನ್ನುವವರು ಕಂಪನಿಗಳಲ್ಲಿ ಬಳಸಿ ಬಿಟ್ಟ ರಿಫರ್ಬಿಶ್ಡ್ ಲ್ಯಾಪ್‌ಟಾಪ್ ನೋಡಬಹುದು. ಇಂಟೆಲ್ ಎಂಟನೇ ತಲೆಮಾರಿಗಿಂತ ಹಳೆಯದು ಬೇಡ. ಅವುಗಳಿಗೆ ವಿಂಡೋಸ್ 11ರ ಅಧಿಕೃತ ಬೆಂಬಲ ಇಲ್ಲ, ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್‌ನಲ್ಲೇ ಇರುವ ಬ್ಯಾಟರಿ ರಿಪೋರ್ಟ್ ತೆಗೆಸಿ, ಮೂಲ ಸಾಮರ್ಥ್ಯದಲ್ಲಿ ಈಗ ಎಷ್ಟು ಉಳಿದಿದೆ ನೋಡಿ. ಮೂವತ್ತು ಸಾವಿರ ದಾಟಬಲ್ಲವರಿಗೆ ಇನ್ನೊಂದು ದಾರಿಯಿದೆ: ಮ್ಯಾಕ್‌ಬುಕ್ ಏರ್ ಎಂ1 ಇಲ್ಲಿಗೆ ಬಂದಾಗ 92,900 ರೂಪಾಯಿ ಇತ್ತು, ಈಗ ಅದರ ಅರ್ಧದ ಆಸುಪಾಸಿನಲ್ಲಿ ಬಳಸಿದ್ದು ಸಿಗುತ್ತದೆ. ವಿಡಿಯೊ ಕೆಲಸಕ್ಕೆ ಅದು ಗಟ್ಟಿ ಯಂತ್ರ. ರ‍್ಯಾಮ್, ಸ್ಟೋರೇಜ್ ಎರಡನ್ನೂ ಮುಂದೆ ಹೆಚ್ಚಿಸಲಾಗದು ಎಂಬುದು ನೆನಪಿರಲಿ. 256 ಜಿಬಿಯದಾದರೆ ಹೊರಗಿನ ಡಿಸ್ಕಿನ ಖರ್ಚನ್ನೂ ಬೆಲೆಗೆ ಸೇರಿಸಿ ನೋಡಿ.

ಬಿಲ್ಲನ್ನು ದುಡಿಯುವವರ ಹೆಸರಿನಲ್ಲೇ ಮಾಡಿಸಿ. 52 ಸಾವಿರದಲ್ಲಿ ಸುಮಾರು 7,900 ಜಿಎಸ್‌ಟಿ. ಅದು ವಾಪಸ್ ಸಿಗುವುದು ಜಿಎಸ್‌ಟಿ ನೋಂದಣಿ ಇದ್ದವರಿಗೆ ಮಾತ್ರ. ವರ್ಷಕ್ಕೆ 20 ಲಕ್ಷದೊಳಗಿನ ಸೇವೆಗೆ ನೋಂದಣಿ ಬೇಕಿಲ್ಲ, ಅಷ್ಟು ಸಣ್ಣ ಮೊತ್ತಕ್ಕಾಗಿ ರಿಟರ್ನ್ಸ್‌ನ ಜಂಜಾಟ ಮೈಮೇಲೆ ಎಳೆದುಕೊಳ್ಳಬೇಡಿ. ಆದಾಯ ತೆರಿಗೆ ಕಟ್ಟುವಷ್ಟು ಗಳಿಸುವವರು, ಲೆಕ್ಕಪತ್ರ ಇಟ್ಟು ಲಾಭ ತೋರಿಸುವವರಾದರೆ, ಕಂಪ್ಯೂಟರಿನ ಮೇಲೆ ವರ್ಷಕ್ಕೆ ಶೇ 40 ಸವಕಳಿ ಕಳೆಯಬಹುದು. 52 ಸಾವಿರಕ್ಕೆ ಮೊದಲ ವರ್ಷ 20,800. ಆದರೆ ಮಾರ್ಚ್ 31ಕ್ಕೆ ಮುಂಚೆ ಕನಿಷ್ಠ 180 ದಿನ ಬಳಕೆಯಲ್ಲಿರಬೇಕು, ಎಂದರೆ 2025–26ರ ಲೆಕ್ಕದಲ್ಲಿ ಅಕ್ಟೋಬರ್ 3ರೊಳಗೆ ಕೆಲಸ ಶುರುಮಾಡಿರಬೇಕಿತ್ತು. ತಡವಾದರೆ ಆ ವರ್ಷಕ್ಕೆ ಅರ್ಧವೇ, 10,400. ದೀಪಾವಳಿ ಸೇಲಿಗೆಂದು ಕಾಯುವವರು ಈ ವ್ಯತ್ಯಾಸವನ್ನೂ ರಿಯಾಯಿತಿಯ ಪಕ್ಕದಲ್ಲಿಟ್ಟು ನೋಡಿ.