ಐಸೋನಿಯಜಿಡ್ ಎಲ್ಲಿ ಕೂರುತ್ತದೆ?

ಕ್ಷಯಕ್ಕೆ ಕೊಡುವ ಮದ್ದುಗಳಲ್ಲಿ ಐಸೋನಿಯಜಿಡ್ ಹಳೆಯದು. 1912ರಲ್ಲೇ ಪ್ರಾಗ್‌ನಲ್ಲಿ ಇಬ್ಬರು ರಸಾಯನಶಾಸ್ತ್ರಜ್ಞರು ಅದನ್ನು ತಯಾರಿಸಿದ್ದರು. ಅದು ಕ್ಷಯವನ್ನು ಗುಣಪಡಿಸುತ್ತದೆಂದು ಜಗತ್ತಿಗೆ ತಿಳಿದದ್ದು 1952ರ ಸುಮಾರಿಗೆ. ಬ್ಯಾಕ್ಟೀರಿಯಾದೊಳಗೆ ಅದು ಯಾವುದನ್ನು ತಡೆಯುತ್ತದೆ ಎಂಬುದು ಸ್ಪಷ್ಟವಾಗಲು ಇನ್ನೂ ನಾಲ್ಕು ದಶಕ ಹಿಡಿಯಿತು. ಕಾರಣ ಗೊತ್ತಿಲ್ಲದೆಯೂ ಮದ್ದು ಕೆಲಸ ಮಾಡುತ್ತದೆ, ಅದಕ್ಕೇನು!

ತಡೆಗೆ ಒಳಗಾಗುವ ಕಿಣ್ವದ ಹೆಸರು ಇನ್ಹ್-ಎ. ಕ್ಷಯದ ಬ್ಯಾಕ್ಟೀರಿಯಾ ಮೇಣದಂಥ ಗೋಡೆಯೊಳಗೆ ಬದುಕುತ್ತದೆ. ಆ ಗೋಡೆಗೆ ಬೇಕಾದ ಮೈಕೋಲಿಕ್ ಆಮ್ಲದಲ್ಲಿ 60ರಿಂದ 90 ಇಂಗಾಲದ ಪರಮಾಣುಗಳಿರುತ್ತವೆ. ಇಷ್ಟುದ್ದದ ಸರಪಳಿ ಸುತ್ತು ಸುತ್ತಾಗಿ ಬೆಳೆಯಬೇಕು. ಪ್ರತಿ ಸುತ್ತಿನ ಕೊನೆಯಲ್ಲಿ ಉಳಿಯುವ ಜೋಡಿಬಂಧಕ್ಕೆ ಹೈಡ್ರೋಜನ್ ಸೇರಿಸುವುದು ಇನ್ಹ್-ಎ ಕೆಲಸ. ಹೈಡ್ರೋಜನ್ ಒದಗಿಸುವುದು ಎನ್‌ಎಡಿಎಚ್ ಎಂಬ ಸಹಕಿಣ್ವ. ಹಾಗಾಗಿ ಕಿಣ್ವದ ಕುಳಿಯಲ್ಲಿ ಇಬ್ಬರಿಗೆ ಜಾಗವಿದೆ: ಒಂದು ಕಡೆ ಎನ್‌ಎಡಿಎಚ್, ಪಕ್ಕದಲ್ಲಿ ಕೊಬ್ಬಿನಾಮ್ಲದ ಸರಪಳಿ. ಇದೊಂದನ್ನು ನೆನಪಿಟ್ಟುಕೊಳ್ಳಿ.

ಇನ್ನು ಈ ಕಿಣ್ವದ ರಚನೆಯ ಚಿತ್ರಕ್ಕೆ ಬರೋಣ. ಶುದ್ಧ ಪ್ರೋಟೀನನ್ನು ಸ್ಫಟಿಕವಾಗಿಸಿ, ಕ್ಷ-ಕಿರಣ ಹಾಯಿಸಿ, ಕಿರಣ ಚದುರಿದ ರೀತಿಯಿಂದ ಪರಮಾಣುಗಳ ಸ್ಥಾನವನ್ನು ಲೆಕ್ಕ ಹಾಕುತ್ತಾರೆ. ಮೊದಲ ಸಲ ನೋಡುವವರು ಬಣ್ಣದ ಸುರುಳಿ, ಬಾಣಗಳ ಗೋಜಲು ಕಂಡು ಗಾಬರಿಯಾಗುತ್ತಾರೆ. ಅವು ಪ್ರೋಟೀನಿನ ಎಳೆ ಮಡಚಿಕೊಂಡ ದಾರಿಯನ್ನು ತೋರಿಸುತ್ತವೆ, ಅಷ್ಟೆ. ಅವನ್ನು ಬಿಟ್ಟು ನೇರ ಕುಳಿಯೊಳಗೆ ನೋಡಿ.

ಅಲ್ಲಿ ಕಾಣುವುದು ಒಂದು ಒಗಟಿಗೆ ಉತ್ತರ. ಪ್ರಯೋಗಾಲಯದ ಕೊಳವೆಯಲ್ಲಿ ಶುದ್ಧ ಇನ್ಹ್-ಎ ಜೊತೆ ಐಸೋನಿಯಜಿಡ್ ಬೆರೆಸಿದರೆ ಕಿಣ್ವ ಹೆಚ್ಚೇನೂ ತಡೆಯಿಲ್ಲದೆ ಕೆಲಸ ಮುಂದುವರಿಸುತ್ತದೆ. ಈ ಒಗಟು 1998ರಲ್ಲಿ ಅಮೆರಿಕದ ಜೇಮ್ಸ್ ಸ್ಯಾಕೆಟಿನಿ ತಂಡ ಪ್ರಕಟಿಸಿದ ರಚನೆಯಲ್ಲಿ ಬಿಡಿಸಿಕೊಂಡಿತು. ಕುಳಿಯಲ್ಲಿ ಇದ್ದದ್ದು ಮದ್ದಿನ ಇಡೀ ಅಣುವಲ್ಲ, ಅದರ ಒಂದು ತುಂಡು. ಆ ತುಂಡು ಸಹಕಿಣ್ವಕ್ಕೇ ಗಟ್ಟಿಯಾಗಿ ಬೆಸೆದುಕೊಂಡಿತ್ತು. ಅದಕ್ಕೆ ಜಾಗ ಬಿಡಲು ಪ್ರೋಟೀನಿನ ಎಳೆಯ 149ನೆಯ ಸ್ಥಾನದ ಅಮೈನೊ ಆಮ್ಲವಾದ ಫಿನೈಲ್‌ಅಲನಿನ್ ಪಕ್ಕಕ್ಕೆ ಹೊರಳಿತ್ತು. ಸರಪಳಿ ಬಂದು ಕೂರಬೇಕಾದ ಕಡೆ ಈ ತುಂಡು ಚಾಚಿಕೊಂಡಿದೆ. ಪಠ್ಯಪುಸ್ತಕದ ಬೀಗ-ಕೀಲಿಕೈ ಹೋಲಿಕೆ ಇಲ್ಲಿ ಸಾಲದು: ಕೀಲಿಕೈ ಹೊರಗಿನಿಂದ ಬರಲಿಲ್ಲ, ಮನೆಯೊಳಗೇ ತಯಾರಾಯಿತು.

ತಯಾರಾಗಲು ನೆರವಾಗುವುದು ಬ್ಯಾಕ್ಟೀರಿಯಾದ್ದೇ ಇನ್ನೊಂದು ಕಿಣ್ವ, ಕ್ಯಾಟ್-ಜಿ. ಹೈಡ್ರೋಜನ್ ಪೆರಾಕ್ಸೈಡಿನ ಕಾಟ ಕಳೆಯುವುದು ಅದರ ನಿಜವಾದ ಕಸುಬು. ಆ ಭರದಲ್ಲಿ ಐಸೋನಿಯಜಿಡ್ಡನ್ನೂ ಸೀಳಿ ಚುರುಕುಗೊಳಿಸುತ್ತದೆ. ಹಾಗಾಗಿ ಮದ್ದಿಗೆ ಬಗ್ಗದ ತಳಿಗಳಲ್ಲಿ ಬಹಳಷ್ಟರಲ್ಲಿ ಬದಲಾವಣೆ ಕಾಣುವುದು ಇನ್ಹ್-ಎಯಲ್ಲಲ್ಲ, ಕ್ಯಾಟ್-ಜಿಯ 315ನೆಯ ಸ್ಥಾನದಲ್ಲಿ: ಸೆರಿನ್ ಹೋಗಿ ಥ್ರಿಯೊನಿನ್ ಬಂದಿರುತ್ತದೆ. ಕುಳಿ ಹಾಗೇ ಇದೆ, ಅದನ್ನು ಮುಚ್ಚುವ ತುಂಡು ಮಾತ್ರ ಹುಟ್ಟುವುದಿಲ್ಲ.

ಎಥಿಯೋನಮೈಡ್ ಎಂಬ ಇನ್ನೊಂದು ಮದ್ದೂ ಇದೇ ಕುಳಿಯಲ್ಲಿ ಸಹಕಿಣ್ವಕ್ಕೆ ಅಂಟಿಕೊಂಡು ಕೂರುತ್ತದೆ, ಆದರೆ ಅದನ್ನು ಚುರುಕುಗೊಳಿಸುವ ಕಿಣ್ವ ಬೇರೆ. ಆದ್ದರಿಂದ ಕ್ಯಾಟ್-ಜಿ ಮಾತ್ರ ಕೆಟ್ಟ ತಳಿಗೆ ಅದು ನಾಟಬಹುದು. ಆದರೆ ಬ್ಯಾಕ್ಟೀರಿಯಾ ಇನ್ಹ್-ಎಯನ್ನೇ ಹೆಚ್ಚು ಹೆಚ್ಚು ತಯಾರಿಸತೊಡಗಿದರೆ ಎರಡೂ ಮದ್ದುಗಳ ಬಲ ಒಟ್ಟಿಗೇ ಕುಗ್ಗುತ್ತದೆ.