ನಡತೆಯನ್ನು ಓದುವ ವಿದ್ಯೆ

ಆಟಿಸಮ್ ಉಳ್ಳ, ಮಾತು ಬಾರದ ಬಾಲಿಕೆಯೊಬ್ಬಳು ಲೆಕ್ಕದ ಪಾಠವು ಆರಂಭವಾದೊಡನೆ ಚೀರಿ ಪುಸ್ತಕವನ್ನು ಎಸೆಯುವಳೆಂದು ಭಾವಿಸಿರಿ. ಆಕೆಯನ್ನು ಹೊರಗೆ ನಿಲ್ಲಿಸುವುದನ್ನು ನಾವು ಶಿಕ್ಷೆಯೆಂದೆಣಿಸುವೆವು. ಆಕೆಗಾದರೋ ಅದು ಕಷ್ಟದಿಂದ ಬಿಡುಗಡೆ. ಆದಕಾರಣ ಮರುದಿನವೂ ಚೀರುವಳು.

ಇಂಥಲ್ಲಿ ವರ್ತನಾ ವಿಶ್ಲೇಷಕರು ಮೂರು ಸಂಗತಿಗಳನ್ನು ಹಲವು ದಿನ ಬರೆದಿಡುವರು: ಮುಂಚೆ ಏನು ನಡೆಯಿತು, ಮಗು ಏನು ಮಾಡಿತು, ಅನಂತರ ಅದಕ್ಕೆ ಏನು ದೊರೆಯಿತು. ಕಾರಣವು ತಿಳಿದ ಮೇಲೆ ಲೆಕ್ಕವನ್ನು ಚಿಕ್ಕ ಚಿಕ್ಕ ಭಾಗಗಳಾಗಿ ಮಾಡುವರು. ಚೀರುವುದಕ್ಕೆ ಬದಲಾಗಿ ಚಿತ್ರದ ಚೀಟಿಯನ್ನು ತೋರಿಸಿ ವಿಶ್ರಾಂತಿಯನ್ನು ಕೇಳಲು ಕಲಿಸುವರು. ಕೇಳಿದೊಡನೆ ಕೊಟ್ಟು ಮೆಚ್ಚುವರು. ಚೀರಾಟವು ಕಡಮೆಯಾಯಿತೇ ಎಂದು ಮತ್ತೆ ಎಣಿಸಿ ನೋಡುವರು. ಅಮೆರಿಕದಲ್ಲಿ ಈ ಶಾಸ್ತ್ರಕ್ಕಾಗಿಯೇ 1968ರಲ್ಲಿ ಒಂದು ಪತ್ರಿಕೆಯು ಹುಟ್ಟಿತು.

ನಮ್ಮ ದೇಶದ 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು 21 ಬಗೆಯ ಊನತೆಗಳನ್ನು ಗುರುತಿಸಿ, ಸರಕಾರದ ಧನಸಹಾಯ ಅಥವಾ ಮನ್ನಣೆಯುಳ್ಳ ಶಾಲೆಗಳು ಇಂಥ ಮಕ್ಕಳನ್ನು ಭೇದವಿಲ್ಲದೆ ಸೇರಿಸಿಕೊಳ್ಳಬೇಕೆಂದು ವಿಧಿಸಿದೆ. ರಾಜಾಜಿನಗರದಲ್ಲಾಗಲಿ ಕೆಂಗೇರಿಯಲ್ಲಾಗಲಿ, ಹಾಜರಿ ಪುಸ್ತಕದಲ್ಲಿ ಹೆಸರು ಬರೆದ ಮಾತ್ರಕ್ಕೆ ಈ ಕಾರ್ಯವು ಮುಗಿಯದು.

ನಿಮಗೂ ಇದರಲ್ಲಿ ಪಾಲುಂಟು. ನೆರೆಯ ಬೆಂಚಿನವಳು ಚೀರಿದಾಗ ನೀವು ನಕ್ಕರೆ, ಆ ನಗೆಯೂ ಆಕೆಗೆ ದೊರೆತ ಫಲವೇ. ಆಕೆ ಚೀಟಿಯನ್ನು ತೋರಿಸಿದಾಗ ಗಮನಿಸಿರಿ. ನೂರರಲ್ಲಿ ತಪ್ಪಿಹೋದ ಒಂದು ಕುರಿಯನ್ನು ಹುಡುಕಿದ ಕುರುಬನು ಮೊದಲು ಅದರ ಕೂಗಿಗೆ ಕಿವಿಗೊಟ್ಟಿರಬೇಕಲ್ಲವೇ?