ಗಂಟು ಬಿದ್ದ ಹಗ್ಗದ ಬಲ

ಹಗ್ಗ ಗಟ್ಟಿಯಾಗಿದೆಯೇ ಎಂದು ಕೇಳುವವರು ಬೇಕಾದಷ್ಟು ಜನ. ಗಂಟು ಹಾಕಿದ ಮೇಲೆ ಎಷ್ಟು ಗಟ್ಟಿ ಉಳಿಯಿತು ಎಂದು ಕೇಳುವವರು ಕಡಿಮೆ. ದೆಹಲಿ, ನೋಯಿಡಾ, ಗಾಜಿಯಾಬಾದ್ ಎಲ್ಲಿ ನೋಡಿದರೂ ಮನೆ ಕಟ್ಟುತ್ತಿರುತ್ತಾರೆ. ಮೇಲಿನ ಮಹಡಿಗೆ ರಾಟೆ ಕಟ್ಟಿ ಸಿಮೆಂಟಿನ ಚೀಲ ಎಳೆಯುತ್ತಾರೆ. ಹಗ್ಗ ಗಿಡ್ಡವಾದರೆ ಇನ್ನೊಂದು ತುಂಡು ತಂದು ಗಂಟು ಹಾಕುವುದೂ ಉಂಟು. ಕೆಳಗೆ ಇಟ್ಟಿಗೆ ಹೊತ್ತ ಹೆಂಗಸರು ಓಡಾಡುತ್ತಿರುತ್ತಾರೆ. ಆದ್ದರಿಂದ ಇದು ಬರೀ ವಿಜ್ಞಾನದವರ ಲೆಕ್ಕವಲ್ಲ ಅಂತ ನನ್ನ ಅಭಿಪ್ರಾಯ.

ನೆಟ್ಟಗಿರುವ ಹಗ್ಗದಲ್ಲಿ ಎಲ್ಲ ಎಳೆಗಳೂ ಭಾರವನ್ನು ಹೆಚ್ಚುಕಡಿಮೆ ಸಮನಾಗಿ ಹಂಚಿಕೊಳ್ಳುತ್ತವೆ. ಗಂಟಿನಲ್ಲಿ ಹಗ್ಗ ಚಿಕ್ಕ ಸುತ್ತು ತಿರುಗಬೇಕು. ಆಗ ಹೊರಮಗ್ಗುಲಿನ ಎಳೆ ಹಿಗ್ಗುತ್ತದೆ, ಒಳಮಗ್ಗುಲಿನದು ಮಡಚಿಕೊಂಡು ಸುಮ್ಮನೆ ಕೂರುತ್ತದೆ. ಸಂಸಾರದ ಭಾರವೆಲ್ಲ ಹಿರಿಮಗನ ಹೆಗಲಿಗೆ ಬಿದ್ದ ಹಾಗೆ! ಹೊರಗಿನ ಎಳೆ ಹರಿದರೆ ಅದರ ಪಾಲು ಪಕ್ಕದ್ದಕ್ಕೆ ಬಂದು ಅದೂ ಹರಿಯುತ್ತದೆ. ಹರಿದ ಹಗ್ಗವನ್ನು ನೋಡಿ: ಸಾಮಾನ್ಯವಾಗಿ ಗಂಟಿನ ಬಾಯಲ್ಲೇ ತುಂಡಾಗಿರುತ್ತದೆ.

ಸಾದಾ ಗಂಟು ಹಗ್ಗದ ಬಲವನ್ನು ಸುಮಾರು ಅರ್ಧಕ್ಕೆ ಇಳಿಸುತ್ತದೆ. ಜಾರದ ಕುಣಿಕೆ ಹಾಕಿದರೆ ನೂರಕ್ಕೆ 60–70 ಉಳಿದೀತು. ಎಳೆ ಬಿಡಿಸಿ ಒಂದರೊಳಗೊಂದು ಹೆಣೆದು ಸೇರಿಸಿದರೆ 90ರ ಆಸುಪಾಸು.

1000 ಕಿಲೋ ಭಾರಕ್ಕೆ ಹರಿಯುವ ಹೊಸ ಹಗ್ಗ ಅಂತಿಟ್ಟುಕೊಳ್ಳಿ. ಕ್ಷೇಮವಾಗಿ ಎತ್ತುವುದಕ್ಕೆ ಅದರ ಹತ್ತರಲ್ಲೊಂದು ಪಾಲು ಎಂದು ಹಿಡಿಯೋಣ: 100 ಕಿಲೋ, ಅಂದರೆ ಎರಡು ಚೀಲ. ಗಂಟು ಬಿದ್ದರೆ ಲೆಕ್ಕ 500ರಿಂದ ಶುರು, ಒಂದೇ ಚೀಲ. "ಹತ್ತು ಪಟ್ಟು ಬಿಟ್ಟಿದ್ದೀಯಲ್ಲ ಮಾರಾಯ, ಅದರಲ್ಲೇ ಗಂಟೂ ಸೇರಿತು" ಎಂದು ಗೆಳೆಯನೊಬ್ಬ ವಾದಿಸಿದ. ನಾನು ಒಪ್ಪುವುದಿಲ್ಲ. ಆ ಅಂತರ ಇರುವುದು ಸವಕಲಿಗೆ, ಬಿಸಿಲಿಗೆ, ಜಗ್ಗುವಿಕೆಗೆ. ಗಂಟು ರಾಟೆಯಲ್ಲಿ ಸಿಕ್ಕಿಕೊಂಡು ಮೇಲಿನವನು ರಪ್ಪನೆ ಜಗ್ಗಿದರೆ ಚೀಲದ ತೂಕಕ್ಕಿಂತ ಹೆಚ್ಚಿನ ಬಲ ಹಗ್ಗದ ಮೇಲೆ ಬೀಳುತ್ತದೆ.

ಇದೇ ಊರಿನ ಫಿರೋಜ್ ಶಾ ಕೋಟ್ಲಾದ ಅಶೋಕಸ್ತಂಭವನ್ನು 14ನೆಯ ಶತಮಾನದಲ್ಲಿ ಸುಲ್ತಾನ ಫಿರೋಜ್ ಶಾ ತುಘಲಕ್ ತೋಪ್ರಾದಿಂದ ತರಿಸಿದ. ಶಮ್ಸ್-ಇ-ಸಿರಾಜ್ ಅಫೀಫ್ ಬರೆದಿರುವಂತೆ ಬಂಡಿಗೆ 42 ಗಾಲಿ, ಗಾಲಿಗೊಂದು ಹಗ್ಗ, ಹಗ್ಗಕ್ಕೆ 200 ಜನ. ನಿಲ್ಲಿಸುವಾಗ ದಪ್ಪ ಹಗ್ಗಗಳನ್ನು ರಾಟೆಗೆ ಸುತ್ತಿ ತಿರುಗಿಸುವುದು. ಅರ್ಧ ಗಜ ಏರಿದೊಡನೆ ಕೆಳಗೆ ಮರದ ದಿಮ್ಮಿ, ಹತ್ತಿಯ ಮೂಟೆ ತುರುಕುವುದು. ಹಗ್ಗ ಹರಿದರೂ ಕಂಬ ಬೀಳುವುದು ಅಷ್ಟೇ ದೂರ.

ನಮ್ಮ ಬೀದಿಯ ಚೀಲಕ್ಕೆ ಆ ಆಸರೆಯಿಲ್ಲ. ಅದಕ್ಕೆ ಉದ್ದದ ಒಂದೇ ಹಗ್ಗ ಬೇಕು, ಕೆಳಗೆ ಜನ ನಿಲ್ಲಬಾರದು. ಹಳೆಯ ಗಂಟು ಬಿಚ್ಚಿದ ಮೇಲೆ ಆ ಜಾಗದಲ್ಲಿ ಎಳೆ ನಜ್ಜಾಗಿದ್ದರೆ ಅಷ್ಟನ್ನು ಕತ್ತರಿಸಿ ಬಿಸಾಡಬೇಕು.